ಗುಡ್ಡದ ಮಠ ಹತ್ತಿದ ಚಳ್ಳಕೆರೆ ಕಂಬಳಿ

ಚಳ್ಳಕೆರೆ ಸಂತೆಯಲ್ಲಿ ಕಂಬಳಿ ಬೇಕೆಂದು ಹೋದವರನ್ನು ಆಕೆ ಮೊದಲು ಕೂರಿಸುತ್ತಿದ್ದಳು. ಪ್ಯಾಂಟಿನ ಇಸ್ತ್ರಿ ಕೆಡುತ್ತದೆಂದು ಹಿಂಜರಿಯುವ ಬ್ಯಾಂಕಿನವರಿರಲಿ, ಸೀರೆಗೆ ಕೂದಲು ಅಂಟುತ್ತದೆಂದು ಮುಖ ಸಿಂಡರಿಸುವ ನನ್ನಂಥ ಕಾಲೇಜಿನ ಮೇಡಂ ಇರಲಿ, ಎಲ್ಲರಿಗೂ ಒಂದೇ ಕಾನೂನು. ಕಂಬಳಿಯನ್ನು ನೆಲಕ್ಕೆ ಹಾಸಿ, ಅಂಗೈಯಿಂದ ಒಮ್ಮೆ ಸವರಿ, “ಕೂತ್ಕಳ್ರಿ. ಕೂತು ನೋಡಿದ ಮ್ಯಾಲೆ ಮಾತು” ಎನ್ನುತ್ತಿದ್ದಳು. ಕೂರಲು ಒಪ್ಪದವರಿಗೆ ಕಂಬಳಿ ಇಲ್ಲ. ಬೇರೆ ಅಂಗಡಿ ನೋಡಿಕೊಳ್ಳಬಹುದು.

ಒಮ್ಮೆ ಯಾರೋ ಮುಖಂಡರ ಸನ್ಮಾನಕ್ಕೆಂದು ಬಿಳಿ ಅಂಗಿಯ ನಾಲ್ವರು ಅವಸರದಲ್ಲಿ ಬಂದರು. ನಾನೂ ಅಲ್ಲೇ ನಿಂತಿದ್ದೆ.

“ಯಾರು ಹೊದ್ಕಳ್ತಾರಪ್ಪ ಇದನ್ನ?” ಎಂದು ಕೇಳಿದಳು.

“ವೇದಿಕೆ ಮ್ಯಾಲೆ ಸಾಹೇಬ್ರಿಗೆ ಹೊದಿಸ್ತೀವಿ ಅವ್ವ.”

“ಆಮೇಲೆ?”

“ಆಮೇಲೇನು, ಫೋಟೊ.”

“ಫೋಟೊ ಆದಮ್ಯಾಲೆ?”

ಆಕೆಯೇ ಉತ್ತರ ಹೇಳಿದಳು: “ಕಾರಿನ ಡಿಕ್ಕಿಗೆ ಹೋಗ್ತೈತೆ. ಗೊತ್ತೈತೆ ನಂಗೆ. ಆ ಮೂಲೆ ಅಂಗಡಿಗೆ ಹೋಗ್ರಪ್ಪ. ಮಿಲ್ಲಿನವು ಸಿಗ್ತಾವೆ, ಮೆತ್ತಗಿರ್ತಾವೆ. ಡಿಕ್ಕಿಗೆ ಚೆನ್ನಾಗಿ ಹೊಂದ್ಕಳ್ತಾವೆ.”

ವ್ಯಾಪಾರ ಮಾಡುವವರು ಹೀಗೆ ಮಾತಾಡಿದರೆ ಉದ್ಧಾರವಾದಂತೆಯೇ ಎಂದು ನನಗೆ ಅನ್ನಿಸಿತ್ತು. ನಮ್ಮದು ಎಣ್ಣೆ ಮಿಲ್ಲಿನ ಮನೆತನ. ಬಂದ ಗಿರಾಕಿಯನ್ನು ವಾಪಸು ಕಳಿಸುವುದು ನಮ್ಮಲ್ಲಿ ಪಾಪಕ್ಕೆ ಸಮ. ಆದರೆ ಆಕೆಯ ಪಾಪಪುಣ್ಯದ ಲೆಕ್ಕವೇ ಬೇರೆಯಿತ್ತು. ಕಂಬಳಿಯನ್ನು ಯಾರಾದರೂ ಬಳಸಬೇಕು, ಬಳಸಿ ಬಳಸಿ ಸವೆಸಬೇಕು. “ಪೆಟ್ಟಿಗ್ಯಾಗಿಟ್ಟ ಕಂಬಳಿ ಹೆಣ ಇದ್ದಂಗೆ ಮೇಡಮ್ಮ. ನುಸಿ ತಿಂತೈತೆ ಅಷ್ಟೇಯ” ಎಂದು ನನಗೆ ಎಷ್ಟು ಸಲ ಹೇಳಿದ್ದಳೋ.

ಆಕೆ ತೀರಿಕೊಂಡು ಎರಡು ತಿಂಗಳಾಯಿತು. ಸಂತೆಯಲ್ಲಿ ಆ ಜಾಗದಲ್ಲೀಗ ಮೊಬೈಲಿನ ಕವರುಗಳು ನೇತಾಡುತ್ತಿವೆ. ಹಾಗೆಂದು ಇದನ್ನು ಅಳುತ್ತ ಬರೆಯುತ್ತಿಲ್ಲ. ಆಕೆ ಗೆದ್ದು ಹೋದವಳು, ಆ ಗೆಲುವಿಗೆ ನಾನು ಸಾಕ್ಷಿ. ಸಾಕ್ಷಿ ಸುಮ್ಮನಿರಬಾರದು ಎಂದು ಬರೆಯುತ್ತಿದ್ದೇನೆ.

ದೊಡ್ಡಉಳ್ಳಾರ್ತಿ ಕಡೆಯ ಕುರಿಯವರ ಮನೆಯ ಹೆಣ್ಣು. ಸಂತೆಯವರಿಗೆಲ್ಲ ಅವ್ವ. ನನಗೂ ಅವ್ವ. ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಚರ್ಮ ಗಟ್ಟಿಯಾಗಿ ಚಪ್ಪಲಿ ಅಟ್ಟೆಯಂತಾಗಿತ್ತು. ಅರವತ್ತು ವರ್ಷ ರಾಟೆಯಲ್ಲಿ ಉಣ್ಣೆ ನೂತ ಗುರುತು ಅದು. ಮನೆಯಲ್ಲಿ ನೂಲುವುದು ಆಕೆಯ ಕೆಲಸ, ನೇಯುವುದು ಗಂಡನದು. ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಿ, ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ. ಗಂಡ ತೀರಿಕೊಂಡ ವರ್ಷವೇ ಆಕೆ ಆ ಗುಂಡಿಗೆ ಮಣ್ಣು ತುಂಬಿ, ಸಗಣಿ ಸಾರಿಸಿ ಸಪಾಟು ಮಾಡಿಬಿಟ್ಟಳು. “ಗುಂಡಿ ಬಾಯಿ ತಕ್ಕೊಂಡು ನನ್ನ ಮುಖಾನೇ ನೋಡ್ತಿತ್ತು. ಮುಚ್ಚಿದೆ” ಎಂದಳು. ಆಮೇಲೆ ಮಾರುತ್ತಿದ್ದದ್ದೆಲ್ಲ ಬೇರೆ ಮನೆಯವರು ನೇಯ್ದದ್ದು.

ಗಂಡ ಮಗ್ಗದಿಂದ ಇಳಿಸಿದ ಕೊನೆಯ ಕಂಬಳಿಯೊಂದು ಮಾತ್ರ ಆಕೆಯ ಬಳಿ ಉಳಿದಿತ್ತು. ಅಪ್ಪಟ ಕಪ್ಪು, ಅಂಚಿಗೆ ಎರಡು ಬೆರಳಗಲ ಬಿಳಿ ಪಟ್ಟಿ. ತಾವೇ ಸಾಕಿದ ಕುರಿಯ ಉಣ್ಣೆ, ತಾನೇ ನೂತ ನೂಲು. ಅದನ್ನು ಪ್ರತಿ ಸಂತೆಗೂ ತಂದು ಮೇಲೆ ಇಡುತ್ತಿದ್ದಳು, ಯಾರಿಗೂ ಕೊಡುತ್ತಿರಲಿಲ್ಲ. ಮಗಳು ಕೇಳಿದಳು, ಕೊಡಲಿಲ್ಲ. “ನೀನು ಮಂಚದ ಮ್ಯಾಲೆ ಮಲಗಾಕಿ. ಬೀರುವಿನಾಗೆ ಇಡ್ತೀಯ” ಎಂದು ಮುಖದ ಮೇಲೆ ಹೇಳಿದಳಂತೆ. ಆ ಒಂದು ಕಂಬಳಿಯ ಮೇಲೆ ಯಾರಾದರೂ ದಿನಾ ಕೂರಬೇಕು, ಅದು ಸವೆಯಬೇಕು. ಇದು ಆಕೆಯ ಕೊನೆಯ ಆಸೆ, ಆದರೆ ಅಂಥ ಮನುಷ್ಯ ನಮ್ಮ ಬಿಸಿಲು ನಾಡಿನಲ್ಲಿ ಎಲ್ಲಿ ಸಿಗಬೇಕು?

ದಾರಿ ತೋರಿಸಿದವಳು ಸ್ವೆಟರಿನವಳು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಟಿಬೆಟಿನವರು ನಮ್ಮೂರಿಗೆ ಬಂದು ಸ್ವೆಟರು ಮಾರುತ್ತಾರೆ. ಅವರಲ್ಲೊಬ್ಬ ಹೆಂಗಸಿನ ಜಾಗ ಅವ್ವನ ಪಕ್ಕದಲ್ಲೇ. ಮೊದಲ ವರ್ಷ ಇಬ್ಬರಿಗೂ ಮಾತಿಲ್ಲ. ಒಬ್ಬಳ ಗಿರಾಕಿಯನ್ನು ಇನ್ನೊಬ್ಬಳು ಕಸಿಯುತ್ತಾಳೆಂಬ ಗುಮಾನಿ. ಎರಡನೆಯ ವರ್ಷ ಆಕೆಗೆ ಜ್ವರ ಬಂದಾಗ ಅವ್ವ ಮೂರು ದಿನ ಎರಡೂ ಅಂಗಡಿ ನೋಡಿಕೊಂಡಳು. ಸ್ವೆಟರು ಕೊಳ್ಳಲು ಬಂದವರನ್ನೂ ಕೂರಿಸಲು ಹೋಗಿದ್ದಳೆಂದು ಸಂತೆಯವರು ಈಗಲೂ ನಗುತ್ತಾರೆ. ಅಲ್ಲಿಂದಾಚೆಗೆ ಇಬ್ಬರೂ ಒಂದೇ ಬುತ್ತಿ ಬಿಚ್ಚುತ್ತಿದ್ದರು.

ಆ ಹೆಂಗಸು ಒಮ್ಮೆ ತಮ್ಮವರ ಮಠಗಳ ಸುದ್ದಿ ಹೇಳಿದಳಂತೆ. ಹಿಮಾಲಯದ ಗುಡ್ಡದ ತುದಿ, ಆರು ತಿಂಗಳು ಹಿಮ. ಮುದುಕ ಸನ್ಯಾಸಿಗಳು ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ನೆಲದ ಮೇಲೆ ಕೂತು ಪ್ರಾರ್ಥನೆ ಮಾಡುತ್ತಾರೆ. ಅವ್ವ ಬುದ್ಧನ ವಿಷಯ ಒಂದೂ ಕೇಳಲಿಲ್ಲ.

“ಕೆಳಗೆ ಏನು ಹಾಸ್ಕಂತಾರೆ?” ಎಂದಳಂತೆ.

ಅವತ್ತೇ ನಿರ್ಧಾರವಾಯಿತು. ನಮ್ಮ ಕಾಲೇಜಿನವರು ಬೇಸಗೆ ರಜೆಯಲ್ಲಿ ಹಿಮಾಚಲದ ಕಡೆ ಪ್ರವಾಸ ಹೊರಟಿದ್ದೇವೆ, ಒಂದು ಬೌದ್ಧ ಮಠವನ್ನೂ ನೋಡುತ್ತೇವೆ ಎಂದು ನಾನು ಬಾಯ್ತಪ್ಪಿ ಹೇಳಿದ್ದೇ ತಡ, ಅವ್ವ ನನ್ನ ಕೈ ಹಿಡಿದುಕೊಂಡಳು. ಆ ಹಿಡಿತದಿಂದ ಬಿಡಿಸಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ.

ಕರೆದೊಯ್ಯಬಹುದೆಂಬ ಧೈರ್ಯ ನನಗೆ ಬಂದದ್ದಕ್ಕೆ ಒಂದು ಕಾರಣವಿದೆ. ಅದಕ್ಕೂ ಮುಂಚೆ ನಾನು ಕಾಲೇಜಿನ ಹುಡುಗಿಯರನ್ನು ಕಟ್ಟಿಕೊಂಡು ಮೊಳಕಾಲ್ಮೂರು ತಾಲ್ಲೂಕಿನ ಗುಡ್ಡದ ಶಾಸನ ತೋರಿಸಲು ಹೋಗಿದ್ದೆ. ರಾಂಪುರದಲ್ಲಿರುವ ಮಗಳ ಮನೆಗೆ ಹೊರಟಿದ್ದ ಅವ್ವ ನಮ್ಮ ವ್ಯಾನು ಹತ್ತಿದ್ದಳು. ಬಂಡೆಯ ಬುಡಕ್ಕೆ ಬಂದಾಗ ನಾವೆಲ್ಲ ಚಪ್ಪಲಿ ಹಾಕಿಕೊಂಡೇ ಹತ್ತಿದೆವು. ಆಕೆ ಕೆಳಗೇ ಬಿಟ್ಟು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಬಂದಳು. ಯಾಕವ್ವಾ ಎಂದರೆ, “ರಾಜನೋ ದೇವರೋ, ಕಲ್ಲಿನ ಮ್ಯಾಲೆ ಬರೆಸ್ಯಾನೆ ಅಂದ್ರೆ ಬೇಕಾದ ಮಾತೇ ಇರ್ತೈತೆ” ಎಂದಳು. ಬುದ್ಧನ ದಾರಿ ಹಿಡಿದ ದೊರೆ ಬರೆಸಿದ್ದು, ತಂದೆತಾಯಿ ಮಾತು ಕೇಳಿ, ಗುರುಗಳಿಗೆ ಗೌರವ ಕೊಡಿ, ಜೀವಗಳ ಮೇಲೆ ದಯೆ ಇರಲಿ ಎಂದಿದೆ ಅಂತ ಹೇಳಿದೆ. ಆಕೆ, “ನಮ್ಮವ್ವ ಇದನ್ನೇ ಬೈದು ಬೈದು ಹೇಳ್ತಿದ್ಲು. ರಾಜ ಪಾಪ, ಬೈಯಾಕೆ ಆಗ್ದೆ ಕೆತ್ತಿಸ್ಯಾನೆ” ಎಂದಳು. ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿದ ನಾನು ಆ ದೊರೆಯ ಮೇಲೆ ಪಾಪ ಎಂದು ಕನಿಕರಿಸಿದ್ದು ಅದೇ ಮೊದಲು.

ರೈಲು, ಬಸ್ಸು ಎಲ್ಲ ಸೇರಿ ನಾಲ್ಕು ದಿನದ ದಾರಿ. ನಮ್ಮ ಸೂಟ್‌ಕೇಸುಗಳು ಸೀಟಿನ ಕೆಳಗೆ ಹೋದವು, ಕಂಬಳಿ ಮಾತ್ರ ಆಕೆಯ ತೊಡೆ ಬಿಟ್ಟು ಇಳಿಯಲಿಲ್ಲ. ಸ್ವೆಟರಿನವಳು ಕಲಿಸಿದ ನೇಮಗಳನ್ನು ದಾರಿಯುದ್ದಕ್ಕೂ ನಮಗೆ ಪಾಠ ಒಪ್ಪಿಸಿದಳು. ಎಡದಿಂದ ಬಲಕ್ಕೆ ಸುತ್ತಬೇಕು. ಟೋಪಿ ತೆಗೆಯಬೇಕು. ಮೂರ್ತಿಯ ಕಡೆ ಕಾಲು ಚಾಚಬಾರದು, ಬೆರಳು ಮಾಡಿ ತೋರಿಸಬಾರದು. ಏನಾದರೂ ಕೊಟ್ಟರೆ ಎರಡೂ ಕೈಯಲ್ಲಿ ಕೊಡಬೇಕು. “ಅಷ್ಟೇನಾ? ಇದು ನಮ್ಮ ಹಟ್ಟಿಯಾಗೂ ಐತಲ್ಲ” ಎಂದು ಕೊನೆಗೆ ತಾನೇ ಸೇರಿಸುತ್ತಿದ್ದಳು. ನಾನು ನನ್ನದೊಂದು ನೇಮ ಹೇಳಿದೆ: ಕೇಳದೆ ಕಂಬಳಿ ಬಿಚ್ಚಬಾರದು, ಅಲ್ಲಿನವರು ಹೇಳಿದ ಕಡೆ ಕೊಟ್ಟು ಬರಬೇಕು. ಆಗಲಿ ಎಂದು ತಲೆಯಾಡಿಸಿದಳು.

ಮಠದ ಬುಡದಿಂದ ಮೆಟ್ಟಿಲು. ಉಸಿರು ಸಿಗದೆ ನಾವೆಲ್ಲ ಅಲ್ಲಲ್ಲಿ ಕೂತೆವು. ಆಕೆ ಕಂಬಳಿಯನ್ನು ತಲೆಯ ಮೇಲಿಟ್ಟುಕೊಂಡು ಕುರಿಯ ಹಿಂದೆ ಹೋಗುವ ನಡಿಗೆಯಲ್ಲಿ, ನಿಲ್ಲದೆ, ಅವಸರವೂ ಇಲ್ಲದೆ ಹತ್ತಿಬಿಟ್ಟಳು. ಮೇಲೆ ಹೋದರೆ ಬಾಗಿಲಿನ ಹೊರಗೆ ನಿಂತಿದ್ದಾಳೆ. ಬಾಗಿಲು ತೆರೆದೇ ಇತ್ತು. “ಒಳಗೆ ಹೋಗ್ಬೇಕಿತ್ತಲ್ಲವ್ವ?” ಎಂದರೆ, “ಯಾರೂ ಕರೀಲಿಲ್ಲ” ಎಂದಳು.

ಗೋಡೆಯುದ್ದಕ್ಕೂ ಸಾಲಾಗಿ ಪ್ರಾರ್ಥನೆಯ ಚಕ್ರಗಳು. ಒಂದನ್ನು ತಿರುಗಿಸಿ, ಕಿವಿಗೊಟ್ಟು ಕೇಳಿ, ಮುಖ ಅರಳಿಸಿದಳು. “ರಾಟೆ ಕಣ್ರಿ ಇದು! ನೂಲು ಮಾತ್ರ ಕಾಣ್ಸಲ್ಲ.” ಕಣ್ಣು ಮುಚ್ಚಿ ಜಪ ಮಾಡುತ್ತಿದ್ದ ಒಬ್ಬ ಸನ್ಯಾಸಿಯ ಪಕ್ಕ ನಿಂತು ನಮ್ಮ ಭೌತಶಾಸ್ತ್ರದ ಮೇಷ್ಟ್ರು ಸೆಲ್ಫಿ ತೆಗೆಯಲು ಹೋದಾಗ ಮಾತ್ರ ಆಕೆಯ ಮುಖ ಗಂಟಾಯಿತು.

“ಸಾರ್, ನೀವು ದೇವರ ಕೋಣ್ಯಾಗೆ ಕಣ್ಣು ಮುಚ್ಚಿ ಕೂತಾಗ ಯಾರೋ ಬಂದು ಪಕ್ಕದಾಗೆ ನಿಂತು ಹಲ್ಲು ಕಿರಿದ್ರೆ ಸುಮ್ನಿರ್ತೀರಾ?”

ಮೇಷ್ಟ್ರು ಫೋನು ಜೇಬಿಗಿಟ್ಟರು. ಇಂಥ ಅವ್ವನಿಂದಲೇ ಅನಾಹುತವಾಗುತ್ತದೆಂದು ಯಾರು ಎಣಿಸಿದ್ದರು!

ಪ್ರಾರ್ಥನೆಯ ಹಜಾರದಲ್ಲಿ ತುಪ್ಪದ ದೀಪದ ವಾಸನೆ, ತಣ್ಣನೆ ಹಲಗೆ ನೆಲ. ಎರಡೂ ಬದಿಗೆ ಸನ್ಯಾಸಿಗಳ ತಗ್ಗು ಆಸನಗಳು. ಎದುರಿಗೆ, ಮೂರ್ತಿಯ ಬಳಿ, ಎತ್ತರದ ಒಂದು ಮರದ ಪೀಠ. ಅದರ ಮೇಲೆ ಮಡಿಸಿಟ್ಟ ಒಂದು ಕೆಂಪು ವಸ್ತ್ರ ಬಿಟ್ಟರೆ ಏನೂ ಇರಲಿಲ್ಲ. ನಾವು ಗೋಡೆಯ ಚಿತ್ರಗಳನ್ನು ನೋಡುತ್ತಿದ್ದೆವು. ಹಿಂದೆ ಯಾರೋ ಗಾಬರಿಯಿಂದ ಕೂಗಿದ್ದು ಕೇಳಿ ತಿರುಗಿದರೆ, ಅವ್ವ ಆ ಪೀಠದ ಮುಂದೆ ಮಂಡಿಯೂರಿದ್ದಾಳೆ. ಪೀಠದ ಮೇಲೆ, ವಸ್ತ್ರ ಗಿಸ್ತ್ರ ಎಲ್ಲ ಮುಚ್ಚುವಂತೆ, ಬಿಳಿ ಅಂಚು ಮುಂದಕ್ಕೆ ಬರುವಂತೆ ಚಳ್ಳಕೆರೆಯ ಕಪ್ಪು ಕಂಬಳಿ ಹಾಸಿದೆ.

ಮೂವತ್ತರ ಆಸುಪಾಸಿನ ಸನ್ಯಾಸಿಯೊಬ್ಬ ಓಡಿಬಂದ. “ತೆಗೀರಿ ಅಮ್ಮಾ, ಅಲ್ಲಿ ಏನೂ ಇಡಂಗಿಲ್ರಿ!” ಎಂದ. ಅಚ್ಚ ಕನ್ನಡ! ಮುಂಡಗೋಡಿನ ಟಿಬೆಟಿನವರ ಮಠದಲ್ಲಿ ಹತ್ತು ವರ್ಷ ಓದಿದವನಂತೆ. ಆ ಬೆರಗನ್ನು ಅನುಭವಿಸುವಷ್ಟು ಪುರುಸೊತ್ತು ನನಗಿರಲಿಲ್ಲ. ಇಪ್ಪತ್ತು ಜನರ ಮಾನ ನನ್ನ ತಲೆಯ ಮೇಲಿತ್ತು.

“ಎಂಥ ಕೆಲಸ ಮಾಡಿದೆ ಅವ್ವಾ! ಅಷ್ಟು ಹೇಳಿದ್ದೆ ನಿಂಗೆ. ತೆಗಿ ಮೊದಲು” ಎಂದು ಎಲ್ಲರ ಮುಂದೆ ಗದರಿದೆ. ಆ ದನಿ ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

“ತೆಗಿಯಂಗಿಲ್ಲ ಮೇಡಮ್ಮ” ಎಂದಳು ಮೆಲ್ಲಗೆ. “ಗದ್ದಿಗೆಗೆ ಹಾಸಿದ್ದನ್ನ ಹಾಸಿದ ಕೈ ತೆಗಿಯಂಗಿಲ್ಲ.”

ಅವರ ಹಟ್ಟಿಯಲ್ಲಿ ದೇವರ ಗದ್ದಿಗೆಗೆ ಕಂಬಳಿಯೇ ಪೀಠ. ಬರಿದಾದ ಗದ್ದಿಗೆ ಕಂಡೂ ಕಂಬಳಿ ಹಾಸದೆ ಹೋಗುವುದು ದೇವರಿಗೆ ಮಾಡಿದ ಅವಮಾನ. ಹಾಸಿದ ಮೇಲೆ ಅದು ದೇವರದು, ಹಾಸಿದವರು ಮತ್ತೆ ಮುಟ್ಟಿದರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ. ಇದನ್ನೆಲ್ಲ ಆಕೆ ಹೇಳುತ್ತಾ ಹೋದಂತೆ ಆ ಯುವಕ ಪೇಚಿಗೆ ಬಿದ್ದ. ಅವರ ಗುರುವಿನ ಪೀಠ ಅದು. ಅಪ್ಪಣೆಯಿಲ್ಲದೆ ಅವನೂ ಅದರ ಮೇಲೆ ಕೈ ಹಾಕುವಂತಿಲ್ಲ. ಹಾಸಿದವಳು ತೆಗೆಯುವಂತಿಲ್ಲ, ಮಠದವನು ಮುಟ್ಟುವಂತಿಲ್ಲ. ನಾನೇ ತೆಗೆಯಲು ಕೈ ಚಾಚಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ಇಷ್ಟು ದೂರ ತಲೆಯ ಮೇಲೆ ಹೊತ್ತು ತಂದದ್ದು ಕೊನೆಗೆ ತಪ್ಪು ಜಾಗಕ್ಕೆ ಬಿತ್ತಲ್ಲಾ ಎಂಬುದು ಆಕೆಗೂ ಅಷ್ಟುಹೊತ್ತಿಗೆ ತಿಳಿದಿತ್ತು.

ಯಾರೋ ಹೋಗಿ ಹಿರಿಯ ಸನ್ಯಾಸಿಯನ್ನು ಕರೆತಂದರು. ತೀರಾ ಮುದುಕರು, ಗೋಡೆ ಹಿಡಿದು ನಡೆಯುತ್ತಿದ್ದರು. ಕಂಬಳಿ ನೋಡಿದರು, ಅವ್ವನನ್ನು ನೋಡಿದರು. ಕೋಪ ಕಾಣಲಿಲ್ಲ. ಏನೋ ಕೇಳಿದರು. ಯುವಕ ಕನ್ನಡಕ್ಕೆ ತಿರುಗಿಸಿದ: “ಯಾರು ನೇಯ್ದದ್ದು ಅಂತ ಕೇಳ್ತಾರ್ರಿ.”

“ನಮ್ಮ ಯಜಮಾನ್ರು. ನೂಲು ನಂದು. ಕುರಿ ನಮ್ಮವು.”

“ಖಾಲಿ ಪೀಠಕ್ಕೆ ಯಾಕ ಹಾಸಿದ್ರಿ ಅಂತಾರೆ.”

“ಖಾಲಿ ಇತ್ತಲ್ಲಪ್ಪ. ಬರೀ ಹಲಗೆ. ನೋಡಾಕಾಗ್ಲಿಲ್ಲ.”

ಮುದುಕರು ನಕ್ಕರು. ಪೀಠ ಖಾಲಿ ಇಲ್ಲ ಎಂದರು. ಗುರುಗಳು ದೂರದ ಊರಿಗೆ ಹೋಗಿದ್ದಾರೆ. ಅವರ ವಸ್ತ್ರ ಮಡಿಸಿಟ್ಟಿದ್ದೇವೆ. ವಸ್ತ್ರ ಇದೆಯೆಂದರೆ ಅವರೇ ಕೂತಿದ್ದಾರೆ ಎಂದು ನಮ್ಮ ಲೆಕ್ಕ.

ಅವ್ವ ಎರಡೂ ಕೆನ್ನೆಗೆ ಪಟಪಟ ಬಡಿದುಕೊಂಡಳು. “ಅಯ್ಯೋ ಶಿವನೇ! ಕೂತೋರ ತಲಿ ಮ್ಯಾಲೇ ಹಾಕಿದ್ನಾ!”

ಯುವಕ ಅದನ್ನು ಹೇಳಿದಾಗ ಹಜಾರದಲ್ಲಿದ್ದ ಸನ್ಯಾಸಿಗಳೆಲ್ಲ ಗೊಳ್ಳೆಂದರು. ಮುದುಕರು ನಗುತ್ತಲೇ ಪೀಠಕ್ಕೆ ಮೂರು ಸಲ ನಮಸ್ಕರಿಸಿದರು. ಆಮೇಲೆ ಎರಡೂ ಕೈಯಲ್ಲಿ ಕಂಬಳಿಯನ್ನು ಎತ್ತಿ, ಹಣೆಗೆ ಮುಟ್ಟಿಸಿ, ಯುವಕನಿಗೆ ನಿಧಾನವಾಗಿ ಏನೋ ಹೇಳಿದರು.

“ಗುರುಗಳಿಗೆ ಮುಟ್ಟಿತು ಅಂತಾರೆ ಅಮ್ಮಾ. ಗುರುಗಳು ಇದನ್ನ ಇವರಿಗೆ ಕೊಟ್ರು ಅಂತ. ಇವರ ಆಸನಕ್ಕೆ ಹಾಸ್ತೀರಾ ಅಂತ ಕೇಳ್ತಾರೆ. ಮಂಡಿ ನೋವೈತ್ರಿ ಇವರಿಗೆ.”

ಅವ್ವ ತನ್ನ ಕೈಯಾರೆ ಹಾಸಿದಳು. ಅಂಗೈಯಿಂದ ಸವರಿದಳು. ಹಾಸಿ ಸುಮ್ಮನಾಗುವ ಹೆಂಗಸೇ ಅಲ್ಲವಲ್ಲ, “ಕೂತ್ಕಳಾಕೆ ಹೇಳಪ್ಪ” ಎಂದಳು. ಮುದುಕರು ಕೂತರು. ಸಂತೆಯಲ್ಲಿ ಗಿರಾಕಿಯ ಮುಖ ನೋಡುವಂತೆ ಆಕೆ ಕೈಕಟ್ಟಿ ನಿಂತು ಅವರ ಮುಖವನ್ನೇ ನೋಡಿದಳು. ಅವರು ಅತ್ತ ಇತ್ತ ಸರಿದಾಡಿ, ಹುಬ್ಬೇರಿಸಿ ಒಂದು ಮಾತು ಹೇಳಿದರು.

“ಚುಚ್ಚತೈತಿ ಅಂತಾರ್ರಿ” ಎಂದ ಯುವಕ, ಸಂಕೋಚದಿಂದ.

“ಚುಚ್ಚಬೇಕು!” ಎಂದಳು ಅವ್ವ. ಆ ದನಿಗೆ ಹಜಾರವೇ ತುಂಬಿತು. “ಹುಣಸೆ ಬೀಜದ ಗಂಜಿ ಐತೆ. ಒಂದು ವರ್ಷ ಚುಚ್ತೈತೆ, ಆಮ್ಯಾಲೆ ಬೆಣ್ಣೆ. ಅಲ್ಲೀತನ್ಕ ಜಪ ಮಾಡಾಗ ತೂಕಡಿಕೆ ಬರಲ್ಲ ಅಂತ ಹೇಳು.”

ಮುದುಕರು ತೊಡೆ ತಟ್ಟಿಕೊಂಡು ನಕ್ಕರು. ಹಾಗಿದ್ದರೆ ತಮಗಿಂತ ಈ ಹುಡುಗರಿಗೇ ಇದು ಬೇಕು ಎಂದರಂತೆ. ಆಮೇಲೆ ನಗು ನಿಲ್ಲಿಸಿ ಮತ್ತೇನೋ ಹೇಳಿದರು. ನಾನು ಇರುವವರೆಗೂ ದಿನಾ ಇದರ ಮೇಲೆ ಕೂರುತ್ತೇನೆ, ನಾನು ಹೋದ ಮೇಲೆ ಇನ್ನೊಬ್ಬರು ಕೂರುತ್ತಾರೆ, ಎತ್ತಿಡುವುದಿಲ್ಲ. ಇದನ್ನು ಕೇಳಿದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ಭೌತಶಾಸ್ತ್ರದ ಮೇಷ್ಟ್ರು ಕನ್ನಡಕ ಒರೆಸಿಕೊಂಡದ್ದು ಚಳಿಗೆ ಮಂಜು ಕಟ್ಟಿದ್ದರಿಂದ ಎಂದು ಅವರು ಈಗಲೂ ವಾದಿಸುತ್ತಾರೆ.

ಇಳಿಯುವಾಗ ಆಕೆ ಎಲ್ಲರಿಗಿಂತ ಮುಂದೆ. ಬರಿದಾದ ಎರಡೂ ಕೈ ಬೀಸಿಕೊಂಡು, ಎದುರಿಗೆ ಮೆಟ್ಟಿಲು ಹತ್ತಿ ಬರುವ ಪ್ರವಾಸಿಗಳಿಗೆಲ್ಲ ಕನ್ನಡದಲ್ಲೇ, “ಮೇಲೆ ಹೋಗಿ ಗಲಾಟೆ ಮಾಡ್ಬ್ಯಾಡ್ರಪ್ಪಾ” ಎಂದು ಬುದ್ಧಿ ಹೇಳುತ್ತಾ ಇಳಿದಳು. ಅವರಿಗೆ ಏನು ಅರ್ಥವಾಯಿತೋ, ಎಲ್ಲರೂ ಕೈಮುಗಿದರು. ನಾನು ಗದರಿದ್ದಕ್ಕೆ ಬಸ್ಸಿನಲ್ಲಿ ಕ್ಷಮೆ ಕೇಳಿದೆ. “ನೀ ಗದರದಿದ್ರೆ ಆ ಮುದುಕಪ್ಪ ಎದ್ದು ಬರ್ತಿದ್ನಾ? ಬಿಡು” ಎಂದು ನನ್ನ ತೊಡೆಗೆ ತಲೆಯಿಟ್ಟು ನಿದ್ದೆ ಹೋದಳು.

ಮೂರು ಚಳಿಗಾಲ ಕಳೆದವು. ಕಳೆದ ವರ್ಷದ ಕೊನೆಗೆ ಒಂದು ಬೆಳಿಗ್ಗೆ, ಹೊರಡುವಾಗ ನನ್ನ ನಂಬರು ಬರೆದುಕೊಂಡಿದ್ದ ಆ ಯುವ ಸನ್ಯಾಸಿ ನನ್ನ ಫೋನಿಗೆ ಒಂದು ಫೋಟೊ ಕಳಿಸಿದ. ಅವತ್ತು ಸಂತೆ. ಪಾಠ ಮುಗಿದದ್ದೇ ನೆಟ್ಟಗೆ ಅಲ್ಲಿಗೇ ಹೋದೆ. ಅವ್ವನ ಪಕ್ಕದಲ್ಲಿ ಸ್ವೆಟರಿನವಳೂ ಇದ್ದಳು. ಫೋಟೊದಲ್ಲಿ ಮುದುಕರಿರಲಿಲ್ಲ, ಬರೀ ಆಸನ. ಹಿಂದಿನ ಕಿಟಕಿಯಲ್ಲಿ ಹಿಮ. ಮುದುಕರು ಇಲ್ಲವೇನೋ ಎಂಬ ಅಳುಕಿನಲ್ಲೇ ತೋರಿಸಿದೆ. ಅವರು ಗಟ್ಟಿಯಾಗಿದ್ದಾರೆ, ಆಗಷ್ಟೇ ಚಹಾಕ್ಕೆ ಎದ್ದು ಹೋಗಿದ್ದರು ಎಂದು ಆತ ಆಮೇಲೆ ಬರೆದ. ಅವ್ವ ಅದನ್ನೆಲ್ಲ ಕೇಳಲೇ ಇಲ್ಲ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು, ನನ್ನ ಬೆರಳಿನಿಂದಲೇ ಚಿತ್ರ ದೊಡ್ಡದು ಮಾಡಿಸಿದಳು. ಮಂಡಿ ಊರುವ ಕಡೆ ಎರಡು ಗುಳಿ. ನಡುವೆ ಉಣ್ಣೆ ಉದುರಿ ಎಳೆ ಕಾಣುತ್ತಿತ್ತು. ಬಿಳಿ ಅಂಚಿನ ಒಂದು ಮೂಲೆ ಹರಿದಿತ್ತು, ಯಾರೋ ಸನ್ಯಾಸಿ ತನ್ನ ಬಟ್ಟೆಯ ಕೆಂಪು ದಾರದಿಂದ ಅದನ್ನು ಹೊಲಿದಿದ್ದ.

ಮೊಣಕಾಲ ನೋವೆಂದು ಗೊಣಗುತ್ತಿದ್ದ ಅವ್ವ ಧಡಕ್ಕನೆ ಎದ್ದು ನಿಂತಳು. ನನ್ನ ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಈರುಳ್ಳಿಯವರಿಗೆ, ಪಾತ್ರೆಯವರಿಗೆ, ಬಿಳಿ ಅಂಗಿಯವರಿಗೆ, ಇಡೀ ಚಳ್ಳಕೆರೆ ಸಂತೆಗೆ ಕೇಳುವಂತೆ ಕೂಗಿದಳು:

“ಸವೆದೈತೆ ಕಣ್ರೋ! ನಮ್ಮ ಯಜಮಾನ್ರ ಕಂಬಳಿ ಸವೆದೈತೆ, ಬಂದು ನೋಡ್ರೋ!”